ವೈದ್ಯಕೀಯ ವರದಿಯ ಪದಗಳನ್ನು ಬಿಡಿಸಿ ಓದುವ ಬಗೆ

ಸ್ಕ್ಯಾನಿಂಗ್ ವರದಿಯಲ್ಲಿ ಬರುವ ಉದ್ದುದ್ದ ಪದಗಳನ್ನು ಕಂಡು ಗಾಬರಿಯಾಗುವ ಬದಲು ಅವುಗಳನ್ನು ಕೊನೆಯಿಂದ ಬಿಡಿಸಿ ಓದುವುದು ಒಳ್ಳೆಯದು. ಏಕೆಂದರೆ ಬಹುಪಾಲು ಗ್ರೀಕ್ ಮತ್ತು ಲ್ಯಾಟಿನ್ ಮೂಲದ ಈ ಪದಗಳಲ್ಲಿ ಸಾಮಾನ್ಯವಾಗಿ ಮೊದಲ ಭಾಗವು ಅಂಗವನ್ನೂ ಕೊನೆಯ ಭಾಗವು ಅದಕ್ಕೆ ಏನಾಗಿದೆ ಎಂಬುದನ್ನೂ ಸೂಚಿಸುತ್ತದೆ. 'ಐಟಿಸ್' ಎಂದರೆ ಉರಿಯೂತ, 'ಲಿಥಿಯಾಸಿಸ್' ಎಂದರೆ ಕಲ್ಲು, 'ಮೆಗಲಿ' ಎಂದರೆ ಗಾತ್ರ ಹಿಗ್ಗಿರುವುದು. 'ಹೆಪಟೊ' ಯಕೃತ್ತನ್ನೂ 'ಸ್ಪ್ಲೀನೊ' ಗುಲ್ಮವನ್ನೂ ಹೇಳುತ್ತದೆ ಎಂದು ತಿಳಿದಿದ್ದರೆ, 'ಹೆಪಟೊಸ್ಪ್ಲೀನೊಮೆಗಲಿ' ಎಂಬ ಪದವು ಆ ಎರಡೂ ಅಂಗಗಳು ಹಿಗ್ಗಿವೆ ಎಂದಷ್ಟೇ ಹೇಳುತ್ತಿದೆ, ಕಾರಣವನ್ನಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. 'ಎಕ್ಟಮಿ' ಎಂದರೆ ತೆಗೆದುಹಾಕುವುದು, 'ಆಟಮಿ' ಎಂದರೆ ಕೊಯ್ದು ತೆರೆಯುವುದು, 'ಆಸ್ಟಮಿ' ಎಂದರೆ ದ್ವಾರವೊಂದನ್ನು ನಿರ್ಮಿಸುವುದು. ಕಿವಿಗೆ ಒಂದೇ ರೀತಿ ಕೇಳಿಸುವ ಈ ಮೂರರ ನಡುವೆ ಸಂದೇಹವಿದ್ದರೆ ಸಹಿ ಹಾಕುವ ಮೊದಲೇ ವೈದ್ಯರನ್ನು ಕೇಳಬೇಕು. ಇನ್ನು ಪದದ ಮೊದಲಲ್ಲಿ ಬರುವ 'ಹೈಪರ್' ಎಂದರೆ ಹೆಚ್ಚು, 'ಹೈಪೊ' ಎಂದರೆ ಕಡಿಮೆ.

ವರದಿಯಲ್ಲಿನ ಎಡಬಲಗಳು ಯಾವಾಗಲೂ ರೋಗಿಯವು, ನೋಡುವವರದಲ್ಲ. ಆದ್ದರಿಂದ ಎದೆಯ ಎಕ್ಸ್‌ರೇಯಲ್ಲಿ ಹೃದಯವು ನಮ್ಮ ಬಲಗಡೆಗೆ ಕಾಣುವುದು ಸಹಜ. ಇನ್ನು 'ಅನ್‌ರಿಮಾರ್ಕಬಲ್' ಎಂದು ಬರೆದಿದ್ದರೆ ಆ ಭಾಗದಲ್ಲಿ ಅಸಹಜವಾದದ್ದೇನೂ ಕಂಡಿಲ್ಲ ಎಂದರ್ಥ.