ಪೈಪಿಂಗ್‌ನ ಡೈನಾಮಿಕ್ ಅನಾಲಿಸಿಸ್: ಮಾದರಿ ಸಿದ್ಧಪಡಿಸುವುದು ಹೇಗೆ?

ಭೂಕಂಪದಲ್ಲಿ ಕಾರ್ಖಾನೆಯ ಪೈಪು ಹೇಗೆ ಅಲುಗುತ್ತದೆ ಎಂದು ಸೀಸರ್-2ರಂತಹ ತಂತ್ರಾಂಶದಲ್ಲಿ ಲೆಕ್ಕ ಹಾಕುವ ಮುನ್ನ, ಅದೇ ಪೈಪಿನ ತೂಕ, ಒತ್ತಡ ಮತ್ತು ಉಷ್ಣತೆಗಳ ಸ್ಥಿರ ವಿಶ್ಲೇಷಣೆ ದೋಷವಿಲ್ಲದೆ ಮುಗಿದಿರಬೇಕು. ಡೈನಾಮಿಕ್ ಲೆಕ್ಕಕ್ಕೆ, ಅಂದರೆ ಅಲುಗಾಟದ ಲೆಕ್ಕಕ್ಕೆ, ಅಲ್ಲಿ ಬಳಸಿದ ಪೈಪಿನ ಗಣಕ ಮಾದರಿಯೇ ತಳಹದಿ.

ಮೊದಲು ನೋಡ್‌ಗಳನ್ನು, ಅಂದರೆ ಮಾದರಿಯಲ್ಲಿ ಪೈಪನ್ನು ತುಂಡುಗಳಾಗಿ ವಿಭಜಿಸುವ ಬಿಂದುಗಳನ್ನು, ಪರಿಶೀಲಿಸಿ. ತಂತ್ರಾಂಶವು ಪ್ರತಿ ತುಂಡು ಪೈಪಿನ ದ್ರವ್ಯರಾಶಿಯನ್ನು ಅರ್ಧರ್ಧ ಮಾಡಿ ಅದರ ಎರಡು ತುದಿಯ ನೋಡ್‌ಗಳಿಗೆ ಹಂಚುತ್ತದೆ. ನೀರು ತುಂಬಿದ, 6 ಇಂಚಿನ, ಶೆಡ್ಯೂಲ್ 40ರ (ಗೋಡೆಯ ದಪ್ಪದ ಒಂದು ದರ್ಜೆ) ಉಕ್ಕಿನ ಪೈಪು 6 ಮೀಟರಿಗೊಂದರಂತೆ ಇರುವ ಸಪೋರ್ಟ್‌ಗಳ ಮೇಲೆ ಕೂತಿದೆ ಎನ್ನೋಣ. ಮೀಟರಿಗೆ ಸುಮಾರು 47 ಕಿಲೋ ತೂಗುವ ಈ ಪೈಪಿನ ಮೊದಲ ಸಹಜ ಆವರ್ತನ (ತಾನಾಗಿ ಕಂಪಿಸುವಾಗ ಸೆಕೆಂಡಿಗೆ ಆಗುವ ಅಲುಗಾಟಗಳ ಸಂಖ್ಯೆ), ಸರಳ ತೊಲೆಯ ಸೂತ್ರದಂತೆ, ಹೆಚ್ಚುಕಡಿಮೆ 10 ಹರ್ಟ್ಜ್. ಸಪೋರ್ಟ್ ಇರುವಲ್ಲಿ ಮಾತ್ರ ನೋಡ್ ಕೊಟ್ಟಿದ್ದರೆ ರಾಶಿಯೆಲ್ಲ ಸಪೋರ್ಟ್‌ಗಳ ಮೇಲೆಯೇ ಹೋಗಿ ಕೂರುತ್ತದೆ. ನಡುವೆ ಅಲುಗಲು ಏನೂ ಉಳಿಯದೆ, ಮೇಲೆ ಕೆಳಗೆ ತೂಗುವ ಆ ಮೋಡ್ (ಕಂಪನದ ಬಗೆ) ಫಲಿತಾಂಶದಲ್ಲಿ ಕಾಣಿಸುವುದೇ ಇಲ್ಲ. ಆದ್ದರಿಂದ ಎರಡು ಸಪೋರ್ಟ್‌ಗಳ ನಡುವೆ ಎರಡೋ ಮೂರೋ ನೋಡ್ ಸೇರಿಸಿ. ವಾಲ್ವ್‌ನಂತಹ ಭಾರದ ಬಿಡಿಭಾಗಗಳ ತೂಕವನ್ನು ಅವು ಇರುವ ಜಾಗದಲ್ಲೇ ಕೊಡಿ.

ನನ್ನ ದೃಷ್ಟಿಯಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಸಪೋರ್ಟ್‌ಗಳಿಗೆ. ಬಿಸಿಯಾದ ಲಂಬ ಪೈಪು ಮೇಲಕ್ಕೆ ಹಿಗ್ಗಿದಾಗ ಪಕ್ಕದ ಸಪೋರ್ಟ್‌ನಿಂದ ಪೈಪು ಎದ್ದುಬಿಡಬಹುದು. ಮೋಡ್‌ಗಳ ಲೆಕ್ಕ ಮಾತ್ರ ಇಂತಹ ಬಿಡು-ಹಿಡಿ ಆಟವನ್ನು ಅರಿಯದು. ಸಪೋರ್ಟ್ ಇದೆ ಅಥವಾ ಇಲ್ಲ, ಎರಡರಲ್ಲಿ ಒಂದನ್ನೇ ಅದು ಒಪ್ಪುತ್ತದೆ. ಇದನ್ನು ಯಾವ ಸ್ಥಿರ ಲೋಡ್ ಕೇಸಿನಿಂದ (ಒಟ್ಟಿಗೆ ಲೆಕ್ಕ ಹಾಕಿದ ಹೊರೆಗಳ ಗುಂಪಿನಿಂದ) ತಿಳಿಯಬೇಕೆಂದು ತಂತ್ರಾಂಶಕ್ಕೆ ನೀವೇ ಹೇಳಬೇಕು. ಸ್ಥಾವರ ನಡೆಯುತ್ತಿರುವ ಸ್ಥಿತಿಗೆ ಆಪರೇಟಿಂಗ್ ಕೇಸನ್ನು ಆರಿಸಿ. ಮೇಲಿನ ಉದಾಹರಣೆಯಲ್ಲಿ ಒಂದು ಸಪೋರ್ಟ್ ಬಿಟ್ಟುಹೋದರೆ ಅಂತರ 12 ಮೀಟರಾಗಿ, ಆ ಭಾಗದ ಆವರ್ತನ ಎರಡೂವರೆ ಹರ್ಟ್ಜ್‌ನ ಆಸುಪಾಸಿಗೆ ಇಳಿಯುತ್ತದೆ. ಇಷ್ಟು ದೊಡ್ಡ ವ್ಯತ್ಯಾಸವನ್ನು ತಂತ್ರಾಂಶದ ಊಹೆಗೆ ಬಿಡಬಾರದು.

ಬಳಿಕ ಮೋಡಲ್ ವಿಶ್ಲೇಷಣೆಯನ್ನಷ್ಟೇ (ಮೋಡ್‌ಗಳ ಲೆಕ್ಕವನ್ನು) ನಡೆಸಿ, ಪ್ರತಿ ಮೋಡ್ ಅನ್ನು ಪರದೆಯ ಮೇಲೆ ಆಡಿಸಿ ನೋಡಿ. ಗೈಡ್ (ಪೈಪು ಪಕ್ಕಕ್ಕೆ ಸರಿಯದಂತೆ ತಡೆಯುವ ಸಪೋರ್ಟ್) ಇರುವ ಜಾಗದಲ್ಲೇ ಪೈಪು ಅಡ್ಡಡ್ಡ ಓಲಾಡಿದರೆ ಮಾದರಿಯಲ್ಲಿ ತಪ್ಪಿದೆ ಎಂದರ್ಥ. ಸಂಖ್ಯೆಗಳ ಪಟ್ಟಿಯಲ್ಲಿ ಸಿಗದ ತಪ್ಪು ಇಲ್ಲಿ ಕಣ್ಣಿಗೇ ಬೀಳುತ್ತದೆ. ಭೂಕಂಪದ ಕೆಲಸದಲ್ಲಿ ಸಾಮಾನ್ಯವಾಗಿ 33 ಹರ್ಟ್ಜ್‌ವರೆಗಿನ ಮೋಡ್‌ಗಳನ್ನು ಹುಡುಕುತ್ತಾರೆ. ಅದಕ್ಕೂ ಮೇಲೆ ಉಳಿದ ಬಿಗಿಯಾದ ಭಾಗಗಳ ಪಾಲು ಕೈಬಿಡದಂತೆ ‘ಮಿಸ್ಸಿಂಗ್ ಮಾಸ್’ ತಿದ್ದುಪಡಿಯನ್ನು ಚಾಲೂ ಮಾಡಿ.

ಇಷ್ಟಾದ ಮೇಲೆ ಭೂಕಂಪದ ಸ್ಪೆಕ್ಟ್ರಮ್, ಅಂದರೆ ಯಾವ ಆವರ್ತನಕ್ಕೆ ಅಲುಗಾಟ ಎಷ್ಟು ತೀವ್ರ ಎಂಬ ನಕ್ಷೆ, ಕೊಡಬಹುದು. ಭಾರತದ ಯೋಜನೆಗಳಿಗೆ ಇದನ್ನು ಐಎಸ್ 1893 ಮಾನದಂಡದ ಆಧಾರದಲ್ಲಿ, ಸ್ಥಳದ ವಲಯ ಮತ್ತು ಮಣ್ಣಿನ ಬಗೆ ನೋಡಿ ಸಿದ್ಧಪಡಿಸುತ್ತಾರೆ. ಮೂರು ದಿಕ್ಕಿನಲ್ಲೂ ಹೊರೆ ಕೊಟ್ಟು, ಫಲಿತಾಂಶಗಳನ್ನು ವರ್ಗಗಳ ಮೊತ್ತದ ವರ್ಗಮೂಲದ ಕ್ರಮದಲ್ಲಿ ಕೂಡಿಸುವುದು ರೂಢಿ. ರಿಲೀಫ್ ವಾಲ್ವ್ ತಟ್ಟನೆ ತೆರೆದಾಗಿನ ಹೊಡೆತಕ್ಕೆ ಟೈಮ್ ಹಿಸ್ಟರಿ (ಕ್ಷಣಕ್ಷಣದ ಲೆಕ್ಕ), ಪಂಪಿನ ಸತತ ಮಿಡಿತಕ್ಕೆ ಹಾರ್ಮೋನಿಕ್ (ಒಂದೇ ಲಯದ ಹೊರೆಯ ಲೆಕ್ಕ) ವಿಧಾನ ಬೇಕಾಗುತ್ತದೆ. ಆದರೆ ನೋಡ್ ಮತ್ತು ಸಪೋರ್ಟ್‌ಗಳ ಸಿದ್ಧತೆ ಅಲ್ಲಿಯೂ ಇದೇ.

ಕೊನೆಗೆ, ಡೈನಾಮಿಕ್ ಸ್ಟ್ರೆಸ್ಸನ್ನು (ಅಲುಗಾಟದಿಂದ ಪೈಪಿನ ಲೋಹದೊಳಗೆ ಹುಟ್ಟುವ ಬಿಗಿತವನ್ನು) ತೂಕ ಮತ್ತು ಒತ್ತಡದ ಸ್ಟ್ರೆಸ್‌ಗೆ ಕೂಡಿಸಿ ಕೋಡಿನ ಮಿತಿಗೆ ಹೋಲಿಸಿ. ಕಾರ್ಖಾನೆ ಪೈಪಿಂಗ್‌ನ ಕೋಡ್ ಆದ ಎಎಸ್‌ಎಂಇ ಬಿ31.3ರಲ್ಲಿ ಅಪರೂಪದ ಹೊರೆಗಳಿಗೆ ಈ ಮಿತಿ ಸಾಮಾನ್ಯವಾಗಿ ಅನುಮತಿತ ಸ್ಟ್ರೆಸ್‌ನ 1.33 ಪಟ್ಟು. ಸ್ಪೆಕ್ಟ್ರಮ್‌ನಿಂದ ಬಂದ ಬಲಗಳಿಗೆ ಧನ, ಋಣ ಚಿಹ್ನೆಗಳಿರುವುದಿಲ್ಲ. ಹೀಗಾಗಿ ಸಪೋರ್ಟ್ ಮತ್ತು ನಾಝಲ್‌ಗಳ (ಯಂತ್ರಕ್ಕೆ ಪೈಪು ಸೇರುವ ಬಾಯಿಗಳ) ಹೊರೆಯನ್ನು ಸಿವಿಲ್ ವಿಭಾಗಕ್ಕೂ ಯಂತ್ರ ತಯಾರಕರಿಗೂ ಕಳುಹಿಸುವಾಗ, ಆಪರೇಟಿಂಗ್ ಹೊರೆಗೆ ಈ ಬಲವನ್ನು ಒಮ್ಮೆ ಕೂಡಿಸಿ, ಒಮ್ಮೆ ಕಳೆದು, ಎರಡನ್ನೂ ಬರೆದು ಕೊಡಿ.