‘ನನಗೆ ಆಗಲೇ ಅನುಮಾನ ಇತ್ತು’: ನಮ್ಮ ಹೂಡಿಕೆ ತಂಡ ಕಲಿತ ಬಗೆ

ನಮ್ಮ ಹೂಡಿಕೆ ಕಮಿಟಿಯಲ್ಲಿ ಆರು ಜನ. ಒಂದು ಕಂಪನಿಯ ಷೇರಿಗೆ ದೊಡ್ಡ ಮೊತ್ತ ಹಾಕಿದ್ದೆವು. ಎರಡು ವರ್ಷದಲ್ಲಿ ಅದರ ಅರ್ಧಕ್ಕಿಂತ ಜಾಸ್ತಿ ಹೋಯಿತು. ಎಲ್ಲಿ ತಪ್ಪಿದೆವು ಎಂದು ನೋಡಲು ಕೂತಾಗ ನಾಲ್ಕು ಜನ ಒಂದೇ ಮಾತು ಹೇಳಿದರು: "ನನಗೆ ಆಗಲೇ ಅನುಮಾನ ಇತ್ತು." ಆ ನಾಲ್ವರಲ್ಲಿ ನಾನೂ ಒಬ್ಬ. ಆಮೇಲೆ ಹಳೆಯ ಸಭೆಯ ಟಿಪ್ಪಣಿ ತೆಗೆಸಿದೆವು. ಯಾರ ಅನುಮಾನವೂ ಅದರಲ್ಲಿ ಇರಲಿಲ್ಲ. "ಎಲ್ಲರೂ ಒಪ್ಪಿದ್ದಾರೆ, ಖರೀದಿಸುವುದು" ಎಂಬ ಒಂದೇ ಸಾಲು ಇತ್ತು.

ಯಾರೂ ಸುಳ್ಳು ಹೇಳಿರಲಿಲ್ಲ. ನೆನಪಿನ ಗುಣವೇ ಅಂಥದ್ದು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ, ಮಾಸ್ಕೋಗೆ ಹೋಗುವ ಮೊದಲು ಮನೋವಿಜ್ಞಾನಿಗಳಾದ ಬರೂಕ್ ಫಿಶಾಫ್ ಮತ್ತು ರೂತ್ ಬೇತ್ ಕೆಲವರನ್ನು ಕೇಳಿದ್ದರು: ಅಲ್ಲಿ ಏನೇನು ಆಗಬಹುದು, ಎಷ್ಟು ಸಾಧ್ಯತೆ? ಪ್ರವಾಸ ಮುಗಿದ ಮೇಲೆ, ಆಗ ಎಷ್ಟು ಹೇಳಿದ್ದಿರಿ ಎಂದು ಅವರನ್ನೇ ಮತ್ತೆ ಕೇಳಿದರು. ನಿಜವಾಗಿ ನಡೆದ ಸಂಗತಿಗಳಿಗೆ ತಾವು ಮೊದಲೇ ಜಾಸ್ತಿ ಸಾಧ್ಯತೆ ಕೊಟ್ಟಿದ್ದೆವು ಎಂದೇ ಬಹಳ ಜನರ ನೆನಪು. ಇದು 1975ರಲ್ಲಿ ಪ್ರಕಟವಾದ ಅಧ್ಯಯನ. ಅದನ್ನು ಓದಿದಾಗ ನಮ್ಮ ಸಭೆಯೇ ಕಣ್ಣ ಮುಂದೆ ಬಂತು.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆವು. ಷೇರು ಕೊಳ್ಳುವ ಮೊದಲು ಪ್ರತಿಯೊಬ್ಬರೂ ಒಂದು ಪುಟ ಬರೆಯಬೇಕು. ಏಕೆ ಕೊಳ್ಳುತ್ತಿದ್ದೇವೆ, ಯಾವಾಗಿನೊಳಗೆ ಏನಾಗಬೇಕು, ಏನು ಕಂಡರೆ ನಾವು ತಪ್ಪು ಎಂದು ಒಪ್ಪಿಕೊಳ್ಳುತ್ತೇವೆ. "ಚೆನ್ನಾಗಿ ಬೆಳೆಯಬಹುದು" ಎಂದು ಬರೆದರೆ ಪುಟ ವಾಪಸ್. "ಮುಂದಿನ ನಾಲ್ಕು ತ್ರೈಮಾಸಿಕದಲ್ಲಿ ಮಾರಾಟ ಶೇ. 10ಕ್ಕಿಂತ ಜಾಸ್ತಿ ಬೆಳೆಯುತ್ತದೆ, ಸಾಧ್ಯತೆ ಶೇ. 70" ಎಂದು ಬರೆಯಬೇಕು. ಪುಟಗಳು ಬಂದ ಮೇಲೆಯೇ ಚರ್ಚೆ. ಮೊದಲು ಹಿರಿಯರು ಮಾತಾಡುತ್ತಿದ್ದರು, ಉಳಿದವರು ತಲೆಯಾಡಿಸುತ್ತಿದ್ದರು. ಈಗ ಮಾತು ಶುರುವಾಗುವ ಹೊತ್ತಿಗೆ ಒಬ್ಬರು 80 ಬರೆದಿದ್ದಾರೆ, ಇನ್ನೊಬ್ಬರು 45 ಬರೆದಿದ್ದಾರೆ ಎಂಬುದು ಎದುರಿಗೇ ಇರುತ್ತದೆ. ಆ ಅಂತರ ಏಕೆ ಎಂಬಲ್ಲಿಂದಲೇ ಚರ್ಚೆ ಹೊರಡುತ್ತದೆ. ನನ್ನ ಪ್ರಕಾರ ನಾವು ಮಾಡಿದ ಅತಿ ಒಳ್ಳೆಯ ಬದಲಾವಣೆ ಇದು.

ಸಂಖ್ಯೆ ಬರೆಯಲು ಕೆಲವರಿಗೆ ಇಷ್ಟವಿರಲಿಲ್ಲ. "ಇದೇನು ಹವಾಮಾನ ವರದಿಯಾ?" ಎಂದು ಕೇಳಿದರು. ನಾವು ಅಳತೆ ತಂದದ್ದು ನಿಜಕ್ಕೂ ಅಲ್ಲಿಂದಲೇ. ಮಳೆಯ ಮುನ್ಸೂಚನೆ ಎಷ್ಟು ಒಳ್ಳೆಯದು ಎಂದು ಅಳೆಯಲು ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಒಂದು ಲೆಕ್ಕ ಕೊಟ್ಟರು. ಅದರ ಸರಳ ರೂಪ ಹೀಗಿದೆ. ಶೇ. 90 ಎಂದು ಹೇಳಿ ಅದು ಆಗದಿದ್ದರೆ 0.9ರ ವರ್ಗ, ಅಂದರೆ 0.81 ದಂಡ. ಶೇ. 60 ಎಂದಿದ್ದರೆ 0.36 ಮಾತ್ರ. ಜಾಸ್ತಿ ಧೈರ್ಯದಿಂದ ಹೇಳಿ ತಪ್ಪಿದವರಿಗೆ ಪೆಟ್ಟು ಜೋರು.

ಒಂದು ವರ್ಷದ ಪುಟಗಳನ್ನು ತೆಗೆದು ನೋಡಿದಾಗ ನನಗೆ ನಿದ್ದೆ ಬರಲಿಲ್ಲ. ಆ ವರ್ಷ ನಮಗೆ ಅತಿ ಹೆಚ್ಚು ಲಾಭ ತಂದ ಷೇರು ನಾನು ಹೇಳಿದ್ದು. ಹೊಸ ಉತ್ಪನ್ನ ಗೆಲ್ಲುತ್ತದೆ ಎಂದು ನಾನು ಬರೆದಿದ್ದೆ. ಅದು ಗೆಲ್ಲಲಿಲ್ಲ. ಕಚ್ಚಾ ವಸ್ತುವಿನ ಬೆಲೆ ಇಳಿದು ಲಾಭ ಏರಿತ್ತು ಅಷ್ಟೇ. ಎಲ್ಲರೂ ನನ್ನನ್ನು ಹೊಗಳಿದ್ದರು. ಆ ಪುಟ ಇಲ್ಲದಿದ್ದರೆ ಅದು ನನ್ನ ಜಾಣ್ಮೆ ಎಂದೇ ನಾನು ನಂಬಿ, ಮುಂದಿನ ಸಲ ಅದೇ ಬಗೆಯ ಕಾರಣಕ್ಕೆ ಎರಡು ಪಟ್ಟು ಹಣ ಹಾಕಿಸುತ್ತಿದ್ದೆ. ಹಾಗಾಗಿ ಈಗ ನಷ್ಟವಾದದ್ದನ್ನು ಮಾತ್ರವಲ್ಲ, ಗೆದ್ದದ್ದನ್ನೂ ಅಷ್ಟೇ ಗಟ್ಟಿಯಾಗಿ ಕೆದಕುತ್ತೇವೆ.

ಲಾಭ ನಷ್ಟ ನೋಡಿ ಕಲಿಯುವುದು ಏಕೆ ಕಷ್ಟ ಎಂದು ಒಂದು ಲೆಕ್ಕ ಹಾಕಿದೆವು. ಒಬ್ಬರು ನೂರಕ್ಕೆ 55 ಸಲ ಸರಿಯಾಗಿ ಆರಿಸುತ್ತಾರೆ ಎಂದುಕೊಳ್ಳಿ. ಅದು ಸುಮ್ನೆ ನಾಣ್ಯ ಚಿಮ್ಮಿದ ಹಾಗಲ್ಲ ಎಂದು ತಕ್ಕಮಟ್ಟಿಗೆ ಭರವಸೆಯಿಂದ ಹೇಳಲು ಸುಮಾರು 400 ನಿರ್ಧಾರಗಳು ಬೇಕು. ನಾವು ವರ್ಷಕ್ಕೆ 20 ಮಾಡುತ್ತೇವೆ. ಅಂದರೆ 20 ವರ್ಷ! ಅಷ್ಟು ದಿನ ಕಾಯಲು ಆಗುತ್ತದಾ? ಅದಕ್ಕೇ ಪ್ರತಿ ಪುಟದಲ್ಲಿ ಐದಾರು ಸಣ್ಣ ಊಹೆ ಬರೆಯುತ್ತೇವೆ. ಮಾರಾಟ, ಸಾಲ, ಮಾರ್ಜಿನ್ (ಮಾರಾಟದ ಹಣದಲ್ಲಿ ಲಾಭವಾಗಿ ಉಳಿಯುವ ಪಾಲು), ಹೊಸ ಘಟಕ ಶುರುವಾಗುವ ತಿಂಗಳು. ಆರು ಜನರಿಂದ ವರ್ಷಕ್ಕೆ ನೂರಾರು ಊಹೆ ಸಿಗುತ್ತವೆ. ಒಂದೇ ಕಂಪನಿಯ ಊಹೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಒಂದು ತಪ್ಪಿದರೆ ಉಳಿದವೂ ತಪ್ಪಬಹುದು, ಅದು ನಿಜ. ಆದರೂ ಯಾರು ಎಲ್ಲಿ ಜಾಸ್ತಿ ಧೈರ್ಯ ಮಾಡುತ್ತಾರೆ ಎಂಬುದು ಬೇಗ ಕಾಣಿಸುತ್ತದೆ.

ಮಾರುವ ವಿಷಯಕ್ಕೆ ನಾವು ತಡವಾಗಿ ಬಂದೆವು. ಕೊಳ್ಳಲು ವಾರಗಟ್ಟಲೆ ಓದು, ಮಾರಲು ಹತ್ತು ನಿಮಿಷ. ಹಣಕಾಸು ಸಂಶೋಧಕ ಟೆರನ್ಸ್ ಓಡೀನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಷೇರು ಬ್ರೋಕರ್ ಕಂಪನಿಯ 10,000 ಖಾತೆಗಳನ್ನು ನೋಡಿದ್ದರು. ಜನ ಲಾಭದ ಷೇರನ್ನು ಮಾರಿ ನಷ್ಟದ್ದನ್ನು ಇಟ್ಟುಕೊಳ್ಳುತ್ತಿದ್ದರು. ಮುಂದಿನ ವರ್ಷ, ಮಾರಿದ್ದವು ಇಟ್ಟುಕೊಂಡವುಗಳಿಗಿಂತ ಸರಾಸರಿ ಶೇ. 3.4 ಜಾಸ್ತಿ ರಿಟರ್ನ್ ಕೊಟ್ಟವು. ಅವರು ಬಿಡಿ ಹೂಡಿಕೆದಾರರು, ಆದರೆ ನಮ್ಮ ಚಾಳಿಯೂ ಅದೇ. ಈಗ ಮಾರುವಾಗಲೂ ಒಂದು ಪುಟ ಬರೆಯುತ್ತೇವೆ. ಮಾರಿದ ಷೇರು ಆಮೇಲೆ ಏನಾಯಿತು ಎಂದು ಒಂದು ವರ್ಷ ಹಿಂದೆ ಬಿದ್ದು ನೋಡುತ್ತೇವೆ.

ಇತ್ತೀಚೆಗೆ ತಂಡಕ್ಕೆ ಸೇರಿದ ಹುಡುಗಿಯೊಬ್ಬಳು ಸಭೆಯಲ್ಲಿ ನನ್ನ ಮೂರು ವರ್ಷದ ಹಿಂದಿನ ಪುಟವನ್ನು ಮೇಜಿನ ಮೇಲಿಟ್ಟಳು. "ಸರ್, ಎರಡು ತ್ರೈಮಾಸಿಕ ಸತತವಾಗಿ ಮಾರ್ಜಿನ್ ಇಳಿದರೆ ಮಾರಬೇಕು ಎಂದು ನೀವೇ ಬರೆದಿದ್ದೀರಿ. ಈಗ ಮೂರಾಯಿತು" ಎಂದಳು. ಇನ್ನೂ ಇಟ್ಟುಕೊಳ್ಳಲು ನನ್ನ ಬಳಿ ಕಾರಣಗಳಿದ್ದವು. ಹೇಳಲು ಶುರು ಮಾಡಿದೆ. ಅವಳು ಒಂದು ಖಾಲಿ ಪುಟ ಮುಂದಿಟ್ಟು, "ಹಾಗಾದರೆ ಅದನ್ನೂ ಬರೆದುಕೊಡಿ, ಸಾಧ್ಯತೆ ಎಷ್ಟು?" ಎಂದು ಕೇಳಿದಳು. ಪ್ರಾಮಾಣಿಕವಾಗಿ ಯೋಚಿಸಿದರೆ 40 ದಾಟಲಿಲ್ಲ. ಆ ವಾರವೇ ಮಾರಿದೆವು.