ನಿವೃತ್ತಿಯ ನಂತರ ಕರಾವಳಿಯಲ್ಲಿ ಮನೆ: ಬಾವಿ, ಮಳೆ, ಉಪ್ಪುಗಾಳಿಯ ಲೆಕ್ಕ

ಡಿಸೆಂಬರ್‌ನಲ್ಲಿ ಬಂದು ಜಾಗ ನೋಡಬೇಡಿ. ಆ ತಿಂಗಳಲ್ಲಿ ಕಾರವಾರದಿಂದ ಉಳ್ಳಾಲದವರೆಗೆ ಎಲ್ಲ ಮನೆಯೂ ಚೆಂದ ಕಾಣುತ್ತದೆ. ಬಾವಿಯಲ್ಲಿ ನೀರಿರುತ್ತದೆ, ಗೋಡೆ ಒಣಗಿರುತ್ತದೆ, ಮುಂಜಾನೆ ತಂಪಿರುತ್ತದೆ. ಇಲ್ಲಿ ಬಾಳಲು ಆಗುತ್ತದೋ ಇಲ್ಲವೋ ಎಂದು ತಿಳಿಯುವುದು ಬೇರೆ ಎರಡು ಹೊತ್ತಿನಲ್ಲಿ: ಆಷಾಢದ ಜಡಿಮಳೆಯಲ್ಲಿ, ಮತ್ತು ಏಪ್ರಿಲ್ ನಡುವಿನಿಂದ ಮೊದಲ ಮಳೆಯವರೆಗಿನ ಸೆಕೆಯಲ್ಲಿ. ಮಂಗಳೂರು, ಉಡುಪಿ ಭಾಗದಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅಂದರೆ ಬೆಂಗಳೂರಿನ ನಾಲ್ಕು ಪಟ್ಟು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಆದ್ದರಿಂದ ಮೊದಲು ಜೂನ್‌ನಿಂದ ಮೇವರೆಗೆ ಒಂದು ಪೂರ್ತಿ ವರ್ಷ ಬಾಡಿಗೆಗೆ ಇದ್ದು ನೋಡಿ. ಊರಿನ ಮನೆ ಮಾರುವ ಮಾತು ಆಮೇಲೆ.

ಊರು ಆರಿಸುವಾಗ ಕಡಲಿಗಿಂತ ಮೊದಲು ಆಸ್ಪತ್ರೆ ನೋಡಿ. ಹೃದಯದ ಅಥವಾ ಕಿಡ್ನಿಯ ತೊಂದರೆ ಇದ್ದವರು ಕುಂದಾಪುರದಿಂದ ದಕ್ಷಿಣಕ್ಕೆ ಮನೆ ಹುಡುಕುವುದು ಮೇಲು. ಮಣಿಪಾಲ, ಮಂಗಳೂರು ಎರಡೂ ಕೈಗೆಟುಕುತ್ತವೆ. ಹೊನ್ನಾವರ, ಕುಮಟಾ, ಅಂಕೋಲಾ ಕಡೆ ಜಾಗ ವಿಶಾಲ, ಕಡಲತೀರ ಸುಂದರ. ಆದರೆ ದೊಡ್ಡ ಚಿಕಿತ್ಸೆಗೆ ಅಲ್ಲಿನವರು ಮಣಿಪಾಲಕ್ಕೋ ಗೋವೆಗೋ ಹುಬ್ಬಳ್ಳಿಗೋ ಹೋಗಬೇಕಾಗುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ರಸ್ತೆಗಳು ಮುಚ್ಚುವುದೂ ಉಂಟು. ಇನ್ನೊಂದು ವಿಷಯವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ: ಆಂಬುಲೆನ್ಸ್ ಮನೆಯ ಬಾಗಿಲಿಗೆ ಬರುತ್ತದೆಯೇ? ಕರಾವಳಿಯ ಎಷ್ಟೋ ಮನೆಗಳಿಗೆ ಗದ್ದೆಯಂಚಿನ ಕಾಲುದಾರಿ ಅಥವಾ ತೋಡು ದಾಟುವ ಕಾಲುಸಂಕವೇ ಗತಿ. ಅರವತ್ತು ದಾಟಿದವರು ಅಂಥ ಮನೆ ಕೊಳ್ಳಬಾರದು, ಬೆಲೆ ಎಷ್ಟೇ ಕಡಿಮೆ ಇರಲಿ.

ಸಮುದ್ರದಿಂದ ಎಷ್ಟು ದೂರ? ಒಂದೂವರೆ ಎರಡು ಕಿಲೋಮೀಟರ್ ಒಳಗೆ, ಸ್ವಲ್ಪ ಎತ್ತರದ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ಸಿಕ್ಕಿದರೆ ಅದೇ ಉತ್ತಮ. ಅಲೆಯಿಂದ ಏಳುವ ಉಪ್ಪಿನ ತುಂತುರು ತೀರದ ಮೊದಲ ಕೆಲವು ನೂರು ಮೀಟರ್‌ಗಳಲ್ಲೇ ಹೆಚ್ಚು ಬೀಳುತ್ತದೆ. ಫ್ಯಾನು, ಫ್ರಿಜ್ಜು, ಕಿಟಕಿಯ ಸರಳು ಎಲ್ಲವೂ ಅಲ್ಲಿ ಬೇಗ ತುಕ್ಕು ಹಿಡಿಯುತ್ತವೆ. ಮೇಲಾಗಿ ಉಳ್ಳಾಲ, ಸೋಮೇಶ್ವರ, ಮರವಂತೆಯಂಥ ಕಡೆ ಕಡಲ್ಕೊರೆತ ಮತ್ತೆ ಮತ್ತೆ ಕಾಡುತ್ತದೆ.

ಕಾನೂನಿನ ಮಿತಿಯೂ ಇದೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಂತೆ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ನಿರ್ಬಂಧ ಅನ್ವಯಿಸುತ್ತದೆ. ಗ್ರಾಮೀಣ ಪ್ರದೇಶದಲ್ಲಿ 2011ರ ಜನಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿದ್ದರೆ ಮೊದಲ 50 ಮೀಟರ್, ಇಲ್ಲದಿದ್ದರೆ ಮೊದಲ 200 ಮೀಟರ್ ಹೊಸ ಕಟ್ಟಡ ಕಟ್ಟುವಂತಿಲ್ಲ. ಉಬ್ಬರದ ನೀರು ಬರುವ ಹೊಳೆ, ಅಳಿವೆಯ ದಡಕ್ಕೂ ಈ ವಲಯ ಅನ್ವಯಿಸುತ್ತದೆ: 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಬ್ರೋಕರ್ ಹೇಳಿದ್ದನ್ನು ನಂಬದೆ, ಸರ್ವೆ ನಂಬರ್ ಹಿಡಿದುಕೊಂಡು ಪರಿಸರ ಇಲಾಖೆಯ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸಿ.

ದಾಖಲೆಯಲ್ಲಿ ಪಹಣಿ, ಸರ್ವೆಯ 11ಇ ನಕ್ಷೆ, ಕೃಷಿ ಜಮೀನನ್ನು ಮನೆಗೆ ಬದಲಿಸಿದ ಕನ್ವರ್ಶನ್ ಆದೇಶ, ಪಂಚಾಯತಿಯ ಖಾತೆ ನಮೂನೆ 9/11, ಋಣಭಾರ ಪತ್ರ ಇವೆಲ್ಲ ಇರಬೇಕು. ದಕ್ಷಿಣ ಕನ್ನಡ, ಉಡುಪಿಯಲ್ಲಿ ವಿಶೇಷವಾಗಿ ಕೇಳಬೇಕಾದದ್ದು: ತೋರಿಸುತ್ತಿರುವ ಜಾಗದಲ್ಲಿ ವರ್ಗ (ಮಾರುವವರ ಸ್ವಂತ ಪಟ್ಟಾ ಜಮೀನು) ಎಷ್ಟು, ಕುಮ್ಕಿ ಎಷ್ಟು? ಕುಮ್ಕಿ ಸರ್ಕಾರಿ ಜಾಗ; ಪಕ್ಕದ ವರ್ಗದಾರರಿಗೆ ಸೊಪ್ಪು, ಸೌದೆ ತರುವ ಸೌಲಭ್ಯವಷ್ಟೇ ಇರುವಂಥದ್ದು. ಬೇಲಿಯೊಳಗೆ ಐವತ್ತು ಸೆಂಟ್ಸ್ ಕಂಡರೂ ಕ್ರಯಪತ್ರಕ್ಕೆ ಬರುವುದು ಮೂವತ್ತೇ ಇರಬಹುದು. ದಾರಿಯ ಹಕ್ಕು ಬಾಯಿಮಾತಿನಲ್ಲಿ ಉಳಿಯದೆ ಕ್ರಯಪತ್ರದಲ್ಲೇ ಬರಲಿ.

ಬಾವಿ

ಜಾಗದ ನಿಜವಾದ ಬೆಲೆ ಬಾವಿಯಲ್ಲಿದೆ. ಮೇ ತಿಂಗಳ ಮೂರನೇ ವಾರದಲ್ಲಿ ಬಾವಿಯ ನೀರಿನ ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) ಅಳೆಯಿರಿ. ಕೈಯಲ್ಲಿ ಹಿಡಿಯುವ ಸಣ್ಣ ಮೀಟರ್ ಸಾಕು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 2000ದವರೆಗೆ ಒಪ್ಪಬಹುದು. ಲ್ಯಾಬಿನಲ್ಲಿ ಕ್ಲೋರೈಡ್ ಕೂಡ ಮಾಡಿಸಿ. ಅದರ ಮಿತಿಗಳು 250 ಮತ್ತು 1000.

ತೀರದ ಬಳಿ ನೆಲದಡಿಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಒಂದು ಅಡಿ ಇಳಿದರೆ ಕೆಳಗಿನ ಉಪ್ಪುನೀರು ಲೆಕ್ಕಕ್ಕೆ ನಲವತ್ತು ಅಡಿ ಮೇಲೇರಬಲ್ಲದು. ಆಳದ ಬೋರ್‌ವೆಲ್ ಕೊರೆಸಿದವರಿಗೆ ಮೊದಲ ಬೇಸಿಗೆಯಲ್ಲೇ ಉಪ್ಪು ಬರುವುದು ಇದಕ್ಕೇ. ಆಳವಿಲ್ಲದ ತೆರೆದ ಬಾವಿಯೇ ಕ್ಷೇಮ. ಪಂಪು ಅರ್ಧ ಎಚ್‌ಪಿಯದು ಇರಲಿ. ಏಪ್ರಿಲ್, ಮೇಯಲ್ಲಿ ಒಮ್ಮೆಗೇ ಟ್ಯಾಂಕ್ ತುಂಬಿಸದೆ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎಳೆಯಿರಿ. ಸಾವಿರ ಚದರ ಅಡಿ ಮಾಡಿನ (ಚಾವಣಿಯ) ಮೇಲೆ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಲೀಟರ್ ಮಳೆನೀರು ಬೀಳುತ್ತದೆ. ಅದನ್ನು ಮರಳು, ಜಲ್ಲಿಯ ಸೋಸುಗುಂಡಿ ದಾಟಿಸಿ ಬಾವಿಯ ಬಳಿ ಇಂಗಿಸಬಹುದು. ಆದರೆ ಮುರಕಲ್ಲು ನೀರನ್ನು ಹೆಚ್ಚು ದಿನ ಹಿಡಿದಿಡುವುದಿಲ್ಲ. ಜುಲೈಯ ನೀರಿಗಿಂತ ಅಕ್ಟೋಬರ್‌ನ ಹಿಂಗಾರು ನೀರು ಬೇಸಿಗೆಗೆ ಹೆಚ್ಚು ಉಪಕಾರಿ.

ಮುರಕಲ್ಲು ತೂತುತೂತಾದ್ದರಿಂದ ಶೌಚದ ಗುಂಡಿಯ ನೀರೂ ಬೇಗ ಹರಡುತ್ತದೆ. ಗುಂಡಿಗೂ ಬಾವಿಗೂ ಕನಿಷ್ಠ 15 ಮೀಟರ್ ಅಂತರವಿರಲಿ, ಪಕ್ಕದ ಮನೆಯ ಗುಂಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೊದಲ ಮಳೆಗಳ ನಂತರ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ: ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು 9400 ಲೀಟರ್, ಪೌಡರ್ 24 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರು ಮಾತ್ರ ಬಾವಿಗೆ ಸುರಿದು ಕೊಡಪಾನದಿಂದ ಕಲಕಿ. ಒಂದು ಗಂಟೆ ಬಿಟ್ಟು ಬಳಸಿ. ಕುಡಿಯುವುದು ಮಾತ್ರ ಕುದಿಸಿಯೇ.

ಮನೆ

ಹಳೆಯ ಹೆಂಚಿನ ಮನೆ ಸಿಕ್ಕರೆ ಬಿಡಬೇಡಿ. 30 ಡಿಗ್ರಿ ಇಳಿಜಾರಿನ ಮಾಡು, ಗೋಡೆಯಿಂದ ಮೂರಡಿಯಾದರೂ ಮುಂದೆ ಬಂದ ಸೂರು, ಪಶ್ಚಿಮಕ್ಕೆ ಜಗಲಿ ಇದ್ದರೆ ಎರಚಲು ಒಳಗೆ ಬರುವುದಿಲ್ಲ. ಕೊಳ್ಳುವ ಮುನ್ನ ಮಾಡನ್ನು ಹೊತ್ತ ಮರದ ಪಕ್ಕಾಸು, ರೀಪುಗಳನ್ನು ಉಳಿಯಿಂದ ಕುಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಗೆದ್ದಲು ಅಥವಾ ಕುಂಬು (ಮರ ಕೊಳೆತದ್ದು). ಆರ್‌ಸಿಸಿ ಮನೆಯಾದರೆ ತಾರಸಿಯ ಮೇಲೆ ಶೀಟಿನ ಮಾಡು ಬೇಕೇ ಬೇಕು.

ಹೊಸದಾಗಿ ಕಟ್ಟುವುದಾದರೆ ಇಂಜಿನಿಯರರಿಗೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪಾಲಿಸಲು ಬರಹದಲ್ಲೇ ಹೇಳಿ. ಕರಾವಳಿಯ ಗಾಳಿಗೆ ತೆರೆದ ಕಾಂಕ್ರೀಟಿಗೆ ಕನಿಷ್ಠ ಎಂ30 ದರ್ಜೆ, ಸರಳಿನ ಮೇಲೆ 45 ಮಿ.ಮೀ. ಕವರ್ (ಕಾಂಕ್ರೀಟಿನ ಪದರ); ಸಮುದ್ರದ ತುಂತುರು ನೇರ ಬೀಳುವಲ್ಲಿ ಎಂ35 ಮತ್ತು 50 ಮಿ.ಮೀ. ಇರಲಿ. ಕವರ್ ಕಡಿಮೆಯಾದರೆ ಉಪ್ಪು ಸರಳಿಗೆ ತಲಪುತ್ತದೆ, ಸರಳು ತುಕ್ಕಿನಿಂದ ಉಬ್ಬುತ್ತದೆ, ಸಜ್ಜಾದ ತಳದಿಂದ ಚಕ್ಕೆ ಉದುರತೊಡಗುತ್ತದೆ. ಅಳಿವೆಯ ಉಪ್ಪುಮರಳು, ಉಪ್ಪುಬಾವಿಯ ನೀರು ಎರಡನ್ನೂ ಕೆಲಸಕ್ಕೆ ಸೇರಿಸಬಾರದು. ಕಿಟಕಿಗೆ ಯುಪಿವಿಸಿ ಅಥವಾ ಒಳ್ಳೆಯ ಮರ. ತಿರುಪು, ತಿರುಗಣಿಗಳು ಹಿತ್ತಾಳೆಯದೋ 316 ದರ್ಜೆಯ ಸ್ಟೀಲಿನದೋ ಇರಲಿ. ಎಸಿಯ ಹೊರಗಿನ ಪೆಟ್ಟಿಗೆ ಪೂರ್ವದ ಗೋಡೆಗೆ.

ವಯಸ್ಸಾದವರಿಗೆ ಇಲ್ಲಿನ ದೊಡ್ಡ ಅಪಾಯ ಅಂಗಳದ ಪಾಚಿ. ಜುಲೈಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಮತ್ತೆ ಮೊದಲಿನಂತೆ ನಡೆದಾಡುವುದು ಕಷ್ಟ. ಗೇಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಬಾವಿಕಟ್ಟೆಗೆ ಒರಟು ಕಲ್ಲಿನ ದಾರಿ, ಒಂದು ಬದಿಗೆ ಹಿಡಿಕೆ ಹಾಕಿಸಿ. ಹತ್ತು ಲೀಟರ್ ನೀರಿಗೆ ನೂರು ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಮಳೆ ಬಿಟ್ಟ ಹೊತ್ತಿನಲ್ಲಿ ಚೆಲ್ಲಿ, ಇಪ್ಪತ್ತು ನಿಮಿಷ ಬಿಟ್ಟು ಹಿಡಿಸೂಡಿಯಿಂದ ಉಜ್ಜಿಸಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಇದು ಆಗಬೇಕು. ಟಾಯ್ಲೆಟ್ ತೊಳೆಯುವ ಆಸಿಡ್ಡಿನ ಜೊತೆ ಈ ಪೌಡರ್ ಬೆರೆಸಬಾರದು. ಹೊಮ್ಮುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ವಿಷ.

ಬೂಷ್ಟು ಬಾರದಿರಲು ಕಪಾಟುಗಳನ್ನು ಹೊರಗೋಡೆಯಿಂದ ಮೂರು ಇಂಚು ದೂರ ಇಡಿ. ಪುಸ್ತಕ, ರೇಷ್ಮೆ ಸೀರೆ, ಆಲ್ಬಮ್ಮುಗಳನ್ನು ಒಂದೇ ಕೋಣೆಯಲ್ಲಿ ಸೇರಿಸಿ, ಅಲ್ಲಿಗೆ ಮಾತ್ರ ದಿನಕ್ಕೆ ಹತ್ತು ಹನ್ನೆರಡು ಲೀಟರ್ ತೇವ ಹೀರುವ ಡೀಹ್ಯುಮಿಡಿಫೈಯರ್ ಹಾಕಿ. ತೇವಾಂಶ 55ರಿಂದ 60 ಶೇಕಡಾದ ನಡುವೆ ನಿಲ್ಲಬೇಕು. ಇಡೀ ಮನೆಯನ್ನು ಒಣಗಿಸಲು ಹೊರಟರೆ ಕರೆಂಟು ಬಿಲ್ಲು ಏರುವುದಷ್ಟೇ ಲಾಭ.

ಮೇ ಮುಗಿಯುವ ಮೊದಲು ಮಾಡಿನ ಮೇಲೆ ಬಾಗಿದ ತೆಂಗಿನ ಕಾಯಿ, ಮಡಲು ತೆಗೆಸಿ, ಮಾಡಿನ ನೀರು ಹರಿಯುವ ದಂಬೆ ಸ್ವಚ್ಛ ಮಾಡಿಸಿ. ಮರ ಏರುವವರು ಸಿಗುವುದೇ ಕಷ್ಟ, ಏಪ್ರಿಲ್‌ನಲ್ಲೇ ಹೇಳಿಡಿ. ಮರ ಬಿದ್ದು ತಂತಿ ಹರಿದರೆ ಒಂದೆರಡು ದಿನ ಕರೆಂಟು ಇರುವುದಿಲ್ಲ; 150 ಎಎಚ್ ಬ್ಯಾಟರಿಯ ಇನ್ವರ್ಟರ್ ಮಿತವಾಗಿ ಬಳಸಿದರೆ ಫ್ಯಾನು, ದೀಪಕ್ಕೆ ಸಾಕು. ಮುಂಗಾರಿಗೆ ಮೊದಲಿನ ಮತ್ತು ಅಕ್ಟೋಬರ್‌ನ ಸಿಡಿಲು ಭೀಕರ. ಒಳ್ಳೆಯ ಅರ್ತಿಂಗ್, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರಲಿ, ಮೋಡ ಕವಿದೊಡನೆ, ಗುಡುಗು ಶುರುವಾಗುವ ಮೊದಲೇ ಟಿವಿ, ಮೋಡೆಮ್‌ಗಳ ಪ್ಲಗ್ ಕೀಳಿ.

ಮೈ ಮತ್ತು ಮನಸ್ಸು

ಬೇಸಿಗೆಯ ಉಷ್ಣಾಂಶ ಹೆಚ್ಚಿನ ದಿನ 35 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಆದರೆ ಬೆವರು ಆರದ್ದರಿಂದ ಮೈ ತಣಿಯುವುದಿಲ್ಲ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸೋಡಿಯಂ ಕುಸಿದು ತಲೆತಿರುಗಬಹುದು. ಮಾರ್ಚ್‌ನಲ್ಲೇ ವೈದ್ಯರ ಬಳಿ ಡೋಸಿನ ಬಗ್ಗೆ ಮಾತಾಡಿ. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ, ತೇವಕ್ಕೆ ಕರಗುತ್ತವೆ. ಶ್ರವಣಯಂತ್ರವನ್ನು ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ನಿಂತ ನೀರಿನಲ್ಲಿ ಬರಿಗಾಲಲ್ಲಿ ಓಡಾಡಿದರೆ ಇಲಿಜ್ವರದ ಭಯ, ಅದರಲ್ಲೂ ಕಾಲಿಗೆ ಗಾಯವಿದ್ದಾಗ. ಮಳೆಗಾಲದಲ್ಲಿ ಜ್ವರ ಬಂದರೆ ಎರಡನೇ ದಿನಕ್ಕೇ ಮಲೇರಿಯಾ, ಡೆಂಗಿ ಸೇರಿಸಿ ರಕ್ತ ಪರೀಕ್ಷೆ ಮಾಡಿಸಿ.

ಮಳೆಗಾಲದ ಒಂಟಿತನವನ್ನು ಲಘುವಾಗಿ ಎಣಿಸಬೇಡಿ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ, ಸಂಜೆಯ ಕಡಲತೀರವೂ ಇಲ್ಲ. ಪೇಟೆಗೆ, ವಾಚನಾಲಯಕ್ಕೆ, ದೇವಸ್ಥಾನಕ್ಕೆ ಕೊಡೆ ಹಿಡಿದು ನಡೆದುಹೋಗುವಷ್ಟು ಹತ್ತಿರದ ಮನೆ ಇದಕ್ಕಾಗಿಯೂ ಬೇಕು. ತುಳು, ಕೊಂಕಣಿ, ಕುಂದಾಪುರ ಕನ್ನಡ, ಯಾವುದು ನಿಮ್ಮ ಊರಿನ ಮಾತೋ ಅದನ್ನು ನಾಲ್ಕು ವಾಕ್ಯವಾದರೂ ಕಲಿತರೆ ನೆರೆಕರೆ ಬೇಗ ಹತ್ತಿರವಾಗುತ್ತದೆ.

ಮಕ್ಕಳ ಬಳಿಗೆ ಹೋಗುವುದಿದ್ದರೆ ಬೇಸಿಗೆಯಲ್ಲಿ ಹೋಗಿ. ಜೂನ್‌ನಲ್ಲಿ ಬೀಗ ಹಾಕಿ ಸೆಪ್ಟೆಂಬರ್‌ನಲ್ಲಿ ತೆರೆದ ಮನೆಯಲ್ಲಿ ಹಾಸಿಗೆಯಿಂದ ಹಿಡಿದು ದೇವರ ಪಟದವರೆಗೆ ಬೂಷ್ಟು ಹಿಡಿದಿರುತ್ತದೆ. ಹೋಗಲೇಬೇಕಾದರೆ ಫ್ರಿಜ್ ಖಾಲಿ ಮಾಡಿ ಬಾಗಿಲು ತೆರೆದಿಡಿ, ಹಾಸಿಗೆಗಳನ್ನು ಗೋಡೆಗೆ ತಾಗದಂತೆ ನಿಲ್ಲಿಸಿ, ಗ್ಯಾಸ್ ರೆಗ್ಯುಲೇಟರ್ ಕಳಚಿ. ವಾರಕ್ಕೊಮ್ಮೆ ಬಂದು ಕಿಟಕಿ ತೆರೆದು, ಎರಡು ಗಂಟೆ ಫ್ಯಾನು ಹಾಕಿ, ಮಾಡಿನ ಸೋರಿಕೆ ನೋಡಿ ಫೋನ್ ಮಾಡುವವರೊಬ್ಬರನ್ನು ಸಂಬಳ ಕೊಟ್ಟು ಗೊತ್ತು ಮಾಡಿ.